ಲೋಮಾಸರ ಹೆಬ್ಬೆರಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಪೆಟ್ರೋಲಿನ ವಾಸನೆಯನ್ನು ಇನ್ನೂ ಮರೆಯದ ಸಭಿಕರೇ,

ನಮ್ಮ ಹ್ಯಾಸಲ್‌ಡೌನ್ ಕಾರ್ ಪಂದ್ಯದ ಪಥಕ್ಕೆ ಇಂದು ಐವತ್ತು ತುಂಬಿತು. ಹಳೆಯ ಸಮಯಪಾಲಕರಾದ ಲೋಮಾಸರಿಗೆ ಸನ್ಮಾನ; ಅವರ ಗುಣಗಾನಕ್ಕೆ ನಾನು. ಯಾರು ಕೊಟ್ಟ ಸಲಹೆಯೋ, ನನಗೆ ಅನುಮಾನವಿದೆ.

ಪಥ ಕಟ್ಟುವಾಗ ಊರವರು ಏನೆಂದರು? ಒಳ್ಳೆಯ ಪೈನ್ ಕಾಡು ಕಡಿದು ಕಾಂಕ್ರೀಟಿನ ಬಾಣಲೆ ಮಾಡಿದರು ಎಂದರು. ಆ ಬಾಣಲೆಯ ಅಂಚಿನಲ್ಲಿ ಕಾರುಗಳು ಗೋಡೆ ಹತ್ತಿದಂತೆ ಓಡಿದಾಗ ಅವರೇ ಟಿಕೆಟ್ಟಿಗೆ ಸಾಲು ನಿಂತರು.

೧೯೧೧ರಲ್ಲಿ ಶ್ರೀಮತಿ ಪಿಮ್ ಬಂದರು. ಗಂಡಸರ ಪಂದ್ಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಒಬ್ಬಳೇ ಓಡಿಸಿ ಪಥದ ದಾಖಲೆ ಮುರಿಯುತ್ತೇನೆ ಎಂದರು. ನಿಯಮದಂತೆ ಇಬ್ಬರು ಸ್ಟಾಪ್‌ವಾಚ್ ಹಿಡಿಯಬೇಕು: ಲೋಮಾಸ್ ಮತ್ತು ನಾನು. ಬೆಳಿಗ್ಗೆ ಲೋಮಾಸ್ ಆಕೆಯ ಡಬ್ಬಿಯಿಂದ ಕೇಕ್ ತಿನ್ನುವುದನ್ನು ಕಂಡಿದ್ದೆ. ಕೇಕ್ ತಿಂದವನ ಬೆರಳು ಕೊಂಚ ಬೇಗ ಒತ್ತುವುದಿಲ್ಲವೇ? ನನಗೂ ಒಂದು ತುಂಡು ಸಿಕ್ಕಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತೇನೋ.

ಲೋಮಾಸರ ವಾಚಿನ ಪ್ರಕಾರ ದಾಖಲೆ ಮುರಿದಿತ್ತು. ನನ್ನದರ ಪ್ರಕಾರ ಇಲ್ಲ. ಅರ್ಧ ಸೆಕೆಂಡಿನ ಅಂತರ. ನನ್ನದೇ ಸರಿ ಎಂದು ಸಮಿತಿಯ ಮುಂದೆ ಬೈಬಲ್ ಮುಟ್ಟಿ ಹೇಳಿದೆ. ದಾಖಲೆ ಹೋಯಿತು. ಲೋಮಾಸರ ವಾಚನ್ನೂ ಕಿತ್ತುಕೊಂಡರು. ಹತ್ತು ವರ್ಷ ಅವರು ಗೇಟಿನಲ್ಲಿ ಟಿಕೆಟ್ ಹರಿದರು.

ಸಮಿತಿಯ ಕೋಣೆಯ ಹೊರಗೆ ಶ್ರೀಮತಿ ಪಿಮ್ ಕಾದಿದ್ದರು.

"ಟ್ಯಾಪ್ಲಿ, ಗೆರೆ ದಾಟೋವಾಗ ನಿಮ್ಮ ಮುಖ ಕಾಣಿಸ್ತು. ನೀವು ಎಲ್ಲಿ ನೋಡ್ತಾ ಇದ್ರಿ?"

"ಗೆರೆ ಕಡೆಗೇ, ಮೇಡಂ."

"ಹಾಗಾ," ಎಂದು ಹೊರಟರು. ಮತ್ತೆ ಈ ಕಡೆ ಸುಳಿಯಲಿಲ್ಲ.

ಸಭಿಕರೇ, ನಾನು ನೋಡುತ್ತಿದ್ದದ್ದು ಲೋಮಾಸರ ಹೆಬ್ಬೆರಳನ್ನು. ಮೋಸ ಹಿಡಿಯಬೇಕಿತ್ತಲ್ಲ! ಅದು ಒತ್ತಿತು, ಅದನ್ನು ಕಂಡು ಅರ್ಧ ಸೆಕೆಂಡು ತಡವಾಗಿ ನಾನೂ ಒತ್ತಿದೆ. ಕಾರು ಗೆರೆ ದಾಟಿದ್ದನ್ನು ನಾನು ನೋಡಲೇ ಇಲ್ಲ.

ಇದನ್ನು ಹೇಳಲೆಂದು ಬಂದವನಲ್ಲ. ಜೇಬಿನಲ್ಲಿರುವ ಭಾಷಣವೇ ಬೇರೆ. ಲೋಮಾಸ್, ನಲವತ್ತಾರು ವರ್ಷ ನಿಮ್ಮನ್ನೇ ಕಳ್ಳನೆಂದುಕೊಂಡೆ. ಇಲ್ಲದಿದ್ದರೆ ಆ ಹೆಸರು ನನ್ನ ಪಾಲಿಗೆ ಬರುತ್ತಿತ್ತು.

ಶ್ರೀಮತಿ ಪಿಮ್ ಈಗಿಲ್ಲ. ಅಧ್ಯಕ್ಷರೇ, ದಾಖಲೆಯ ಹಲಗೆಯಲ್ಲಿ ಅವರ ಹೆಸರು ಬರೆಸಿ. ಎಷ್ಟು ಸಮಯವೆಂದು ನನ್ನನ್ನು ಕೇಳಬೇಡಿ, ಲೋಮಾಸರನ್ನು ಕೇಳಿ. ಅಗೋ, ಅವರು ಆಗಲೇ ಚೀಟಿಯ ಮೇಲೆ ಬರೆಯುತ್ತಿದ್ದಾರೆ.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಋಣಿ. ನಮಸ್ಕಾರ.