ಬಿಸಿಲಿಗೆ ಆಗದ ಮಾತ್ರೆ

ಅರಸೀಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಕೂತು ಕಣಕಟ್ಟೆ ಬಸ್ಸಿಗೆ ಕಾಯುತ್ತಿದ್ದರು. ಅಕ್ಕನ ಕೈಯಲ್ಲಿ ಚರ್ಮದ ಡಾಕ್ಟರ ಚೀಟಿ. ಮುಖದಲ್ಲಿ ಒಂದು ಮೊಡವೆಯೂ ಇರಲಿಲ್ಲ, ಚಿಂತೆ ಮಾತ್ರ ಇತ್ತು.

“ಮಾತ್ರೆ ಸಾಕು ಅಂದ್ರು ಅಂತ ಅಮ್ಮಂಗೆ ಹೇಳ್ಬೇಡ ಕಣೇ ಬಿಂದು.”

“ಯಾಕಕ್ಕ? ಮೊಡವೆ ಹೋಯ್ತಲ್ಲ, ಖುಷಿ ಪಡ್ಲಿ.”

“ಮಾತ್ರೆ ನಿಂತ್ರೆ ನಾಳೆನೇ ರಾಗಿ ಹೊಲದಾಗೆ ಕಳೆ ಕೀಳೋಕೆ ಕಳಿಸ್ತಾಳೆ.”

“ಕಳಿಸ್ಲಿ. ಇಷ್ಟು ದಿನ ನಿನ್ನ ಸಾಲೂ ನಾನೇ ಕಿತ್ತಿದೀನಿ.”

“ಈ ಮಾತ್ರೆ ತಗೊಂಡು ಬಿಸಿಲಿಗೆ ಹೋದ್ರೆ ಮುಖ ಸುಟ್ಟೋಗುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ವಾ?”

“ಸುಟ್ಟಿದ್ದು ನಂದು. ನೋಡಿಲ್ಲಿ.”

“ಗೋಬಿ ಕೊಡಿಸ್ತೀನಿ ಕಣೇ.”

“ಬರೀ ಗೋಬಿನಾ?”

ಅಷ್ಟರಲ್ಲಿ ಅಮ್ಮನದೇ ಫೋನು. ತಂಗಿ ಸ್ಪೀಕರ್ ಹಾಕಿದಳು.

“ಹೂಂ ಅಮ್ಮ, ಅಕ್ಕಂಗೆ ಮಾತ್ರೆ ಇನ್ನೂ ಐತಂತೆ.”

ಅಕ್ಕ ಫೋನಿಗೇ ಕೈ ಮುಗಿದಳು.

“ನನ್ ಮುಖಾನೂ ನೋಡಿದ್ರಮ್ಮ. ನಂಗೂ ಅದೇ ಮಾತ್ರೆ ಶುರು ಮಾಡ್ಬೇಕಂತೆ.”

ಅಕ್ಕನ ಕೈ ಹಾಗೇ ನಿಂತಿತು. ಆ ಕಡೆಯಿಂದ ಅಮ್ಮನ ದನಿ ಬಂತು.

“ಇಬ್ರಿಗೂ ಆಗ್ದೇ ಇರೋದು ಬಿಸ್ಲು ತಾನೆ? ನಾಳೆಯಿಂದ ಹೊತ್ತು ಹುಟ್ಟೋಕೆ ಮುಂಚೇನೇ ಇಬ್ರೂ ಹೊಲಕ್ಕೆ ಹೋಗಿ. ಬಿಸ್ಲೇರೋ ಹೊತ್ಗೆ ಬಂದ್ಬಿಡಿ.”

ಫೋನು ಕಟ್ ಆಯಿತು. ಬಸ್ಸು ಬಂತು. ತಂಗಿ ಬಾಯಿಗೆ ದುಪಟ್ಟಾ ಒತ್ತಿ ನಗುತ್ತಲೇ ಹತ್ತಿದಳು. ಅಕ್ಕ ಹಿಂದಿನಿಂದ ಗುದ್ದಿದಳು.

“ಎಷ್ಟು ಚೆನ್ನಾಗಿ ಹೇಳ್ತಿದ್ದೆ! ಮಧ್ಯಕ್ಕೆ ನಿನ್ನ ಮೂತಿ ಯಾಕೆ ತಂದೆ?”