ಸೀಗೆಪುಡಿಯ ಡಬ್ಬಿ

ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಕುಳಿತಿದ್ದರು. ತಂಗಿಯ ತೊಡೆಯ ಮೇಲೆ ಸೀಗೆಪುಡಿಯ ಡಬ್ಬಿ ಇತ್ತು.

“ಅದನ್ನ ಚೀಲದೊಳಗೆ ಹಾಕೇ. ನರ್ಸ್ ನೋಡಿದ್ರೆ ಮತ್ತೆ ಶುರು ಮಾಡ್ತಾರೆ.”

“ಬಿಸಿನೀರಲ್ಲಿ ಕಲಸಿ, ಬಟ್ಟೇಲಿ ಸೋಸಿ ಹಚ್ಚಿ ಅಂತ ಹೇಳಿದ್ದೆ ಅಕ್ಕ. ಆ ಆಯಾ ಒಣಪುಡೀನೇ ಅಮ್ಮನ ತಲೆಗೆ ಸುರಿದಿದ್ದಾಳೆ.”

“ಅವಳಿಗೆ ದಿನಕ್ಕೆ ಇಪ್ಪತ್ತು ತಲೆ ತೊಳೀಬೇಕು. ಸೋಸ್ತಾ ಕೂತ್ಕೊಳ್ಳೋಕಾಗುತ್ತಾ? ಈಗ ಕಣ್ಣು ಕೆಂಡ ಆಗಿದೆ, ನೆತ್ತಿ ಹುಣ್ಣಾಗಿದೆ. ಕೂದಲು ಬೋಳಿಸ್ತಾರಂತೆ. ಸಹಿ ಕೇಳಿದ್ದಾರೆ.”

“ಹಾಕಬೇಡ. ನಾನೇ ವಾರಕ್ಕೊಂದು ಸಲ ಬಂದು ತೊಳೀತೀನಿ.”

“ಹೋದ ತಿಂಗಳೂ ಇದನ್ನೇ ಹೇಳಿದ್ದೆ. ಎಷ್ಟು ಸಲ ಬಂದೆ?”

“ಒಂದು ಸಲ. ರಜಾ ಕೊಡಲಿಲ್ಲ.” ತಂಗಿ ದನಿ ತಗ್ಗಿಸಿದಳು. “ಅವತ್ತು ಸೀಗೆ ನೊರೆ ಇಳಿಯೋವಾಗ ಅಮ್ಮ, ‘ಏ ಕತ್ತೆ, ಕಿವಿ ಹಿಂದೆ ಸರಿಯಾಗಿ ಉಜ್ಜು’ ಅಂದಳು. ಉಳಿದ ಹೊತ್ತು ನಾನು ಯಾರು ಅಂತಾನೂ ಅವಳಿಗೆ ಗೊತ್ತಿಲ್ಲ.”

“ನನಗೂ ಹಾಗೇ ಬೈದಿದ್ದಾಳೆ. ಶಾಂಪೂ ಹಾಕಿದ್ರೆ ತುಟಿ ಪಿಟಕ್ ಅನ್ನಲ್ಲ.”

“ಬೋಳಿಸಿದ್ರೆ ಆ ಬೈಗುಳಾನೂ ಹೋಗುತ್ತಲ್ಲ.”

“ಹೋಗುತ್ತೆ.”

“ಮತ್ತೆ ಬರುತ್ತೆ ಅಲ್ವಾ, ಕೂದಲು ಬೆಳೆದ ಮೇಲೆ?”

“ಅಷ್ಟು ದಿನ ಅವಳು ಇರ್ತಾಳೆ ಅಂತ ಡಾಕ್ಟರೂ ಹೇಳಲಿಲ್ಲ.”

ಬಾಗಿಲ ಬಳಿ ನರ್ಸ್ ಒಂದು ಕಾಗದ ಹಿಡಿದು ನಿಂತು ಅವರನ್ನು ಕರೆದಳು. ಅಕ್ಕ ಚೀಲದಲ್ಲೆಲ್ಲ ತಡಕಾಡಿ ನನ್ನತ್ತ ತಿರುಗಿದಳು.

“ಪೆನ್ನು ಇದೆಯೇನಮ್ಮ?”

ನನ್ನ ಬಳಿ ಇತ್ತು, ಕೊಟ್ಟೆ. ಇಬ್ಬರೂ ಎದ್ದು ಒಳಗೆ ಹೋದರು.