ಓರಗಿತ್ತಿಯ ಸರದಿ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಕಾಯುತ್ತಿದ್ದ ಹೆಂಗಸರ ನಡುವೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಓರಗಿತ್ತಿಯರು ಕುಳಿತಿದ್ದರು. ದೊಡ್ಡವಳು ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಮುಖ ಗಂಟಿಕ್ಕಿದ್ದಳು.

“ಹೋದ ವರ್ಷ ನಿನಗಾದಾಗ ನಿನ್ನ ಗಂಡ ವಾರವಿಡೀ ರಜೆ ಹಾಕಿದ್ದ. ಅತ್ತೆ ಹಾಸಿಗೆ ಹತ್ರಾನೇ ಊಟ ತಂದುಕೊಟ್ರು.”

“ಸಣ್ಣದೊಂದು ಆಪರೇಷನ್ ಆಗಿತ್ತಲ್ಲ ಅಕ್ಕಾ.”

“ನಾನು ಹೆತ್ತ ವಾರಕ್ಕೇ ಪಾತ್ರೆ ತಿಕ್ಕೋಕೆ ಕೂತೆ. ಯಾರಾದ್ರೂ ಬೇಡ ಅಂದ್ರಾ?”

ಚಿಕ್ಕವಳು ಅವಳ ಮಡಿಲಿನ ಚೀಲ ತೆಗೆದು ತನ್ನ ಪಕ್ಕಕ್ಕಿಟ್ಟುಕೊಂಡಳು.

“ಡಾಕ್ಟರು ನಿನಗೆ ಏನಂದಿದ್ರು?”

“ಕ್ಯಾನ್ಸರ್ ಆಗೋ ಮೊದಲೇ ಸಿಕ್ತು, ತೆಗೆದುಬಿಟ್ವಿ ಅಂದ್ರು. ನನಗೆ ನೋವೇ ಇರಲಿಲ್ಲ. ಬರದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ಅದಕ್ಕೇ ನಿಮ್ಮನ್ನ ಎಳ್ಕೊಂಡು ಬಂದೆ.”

“ನೀನು ಎಳ್ಕೊಂಡು ಬಂದೆ. ನಿಮ್ಮ ಭಾವ ಎಲ್ಲಿಗೆ ಅಂತಲೂ ಕೇಳಲಿಲ್ಲ. ನನಗೂ ಏನಾದ್ರೂ ಸಿಗಲಿ. ರಜೆ ಹಾಕ್ತಾರೋ ಇಲ್ವೋ ನೋಡೇಬಿಡ್ತೀನಿ.”

“ಬಿಡ್ತು ಅನ್ನಿ ಅಕ್ಕಾ!”

ದೊಡ್ಡವಳ ಕಣ್ಣು ತುಂಬಿತು. “ಬಿಡ್ತು,” ಎಂದಳು ಮೆಲ್ಲಗೆ.

ಅಷ್ಟರಲ್ಲಿ ನರ್ಸ್ ಕರೆದಳು. ದೊಡ್ಡವಳು ಎದ್ದಳು, ಆದರೆ ಹೆಜ್ಜೆ ಕೀಳಲಿಲ್ಲ.

“ತುಂಬಾ ನೋಯುತ್ತಾ?”

“ಇಲ್ಲ, ಒಂಚೂರು ಇರುಸುಮುರುಸು. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗಿಯುತ್ತೆ.”

“ಅವತ್ತು ನಿನ್ನ ಗಂಡ ಒಳಗೂ ಬಂದಿದ್ನಾ?”

“ಅಯ್ಯೋ, ಇಲ್ಲ. ಹೊರಗೇ ಕೂತಿದ್ರು. ನಾನೊಬ್ಬಳೇ ಹೋಗಿದ್ದೆ.”

ದೊಡ್ಡವಳ ಹುಬ್ಬಿನ ಗಂಟು ಸಡಿಲವಾಯಿತು.

“ಹಾಗಾದ್ರೆ ನೀನು ನನ್ನ ಜೊತೆ ಒಳಗೇ ಬಾ,” ಎಂದು ಅವಳ ಕೈ ಹಿಡಿದುಕೊಂಡೇ ಹೊರಟಳು. ಇಬ್ಬರ ಹಿಂದೆ ನರ್ಸ್ ಪರದೆ ಎಳೆದಳು.